ಆಟ ಓಡಬೇಕಾದದ್ದು ಇನ್ನೊಬ್ಬರ ಪರದೆಯಲ್ಲಿ

ಗೇಮ್ ತಯಾರಿಸಲು ದುಬಾರಿ ಕಂಪ್ಯೂಟರ್ ಬೇಕೆಂದು ಎಷ್ಟೋ ಮಕ್ಕಳು ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. ಇದು ನನಗೆ ನೋವಿನ ಸಂಗತಿ; ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ, ಏರಿಯಲ್ ಮಂಜುರ್ ರೂಪಿಸಿದ ‘ಗೊಡೊ’ ಎಂಬ ಗೇಮ್ ಎಂಜಿನ್ (ಆಟ ಕಟ್ಟಲು ಬಳಸುವ ತಂತ್ರಾಂಶ) 2014ರಿಂದ ಮುಕ್ತ ತಂತ್ರಾಂಶ. ನೀವು ಮಾಡಿದ ಆಟವನ್ನು ಮಾರಿದರೂ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಜಿಪ್ ಕಡತವನ್ನು ಇಳಿಸಿಕೊಂಡು, ಬಿಚ್ಚಿ, ಎರಡು ಬಾರಿ ಕ್ಲಿಕ್ಕಿಸಿದರೆ ತೆರೆದುಕೊಳ್ಳುತ್ತದೆ. ಯಂತ್ರ ಹಳೆಯದಾಗಿದ್ದರೆ ಹೊಸ ಪ್ರಾಜೆಕ್ಟ್ ಆರಂಭಿಸುವಾಗ ‘ಕಂಪ್ಯಾಟಿಬಿಲಿಟಿ’ ಆಯ್ಕೆ ಮಾಡಿ. ಅದು ಓಪನ್‌ಜಿಎಲ್ ಎಂಬ ಹಳೆಯ ಚಿತ್ರಣ ವಿಧಾನದ ನೆರವಿನಿಂದ ಚಿತ್ರ ಬಿಡಿಸುವುದರಿಂದ ಹಳೆಯ ಗ್ರಾಫಿಕ್ಸ್ ಚಿಪ್‌ಗೂ ಹೊಂದುತ್ತದೆ.

ಪ್ರಾಜೆಕ್ಟಿನ ಜೊತೆಗೇ ನೀಲಿ ರೋಬಾಟ್ ಮುಖದ ಚಿತ್ರವೊಂದು ಬರುತ್ತದೆ. ಅದನ್ನೇ ಎಡದಿಂದ ಬಲಕ್ಕೆ ಓಡಿಸೋಣ. ಪರದೆಯ ಮೇಲಿನ ಚಲನೆಯೆಲ್ಲ ಸಿನಿಮಾದಂತೆ ಬಿಡಿ ಬಿಡಿ ಫ್ರೇಮ್‌ಗಳ ಸಾಲು. ಪ್ರತಿ ಫ್ರೇಮ್‌ಗೂ ಚಿತ್ರವನ್ನು 5 ಪಿಕ್ಸೆಲ್ (ಪರದೆಯ ಚುಕ್ಕಿ) ಸರಿಸು ಎಂದು ಕೋಡ್‌ನಲ್ಲಿ ಬರೆದರೆ, ಸೆಕೆಂಡಿಗೆ 60 ಫ್ರೇಮ್ ತೋರಿಸುವ ಮಾನಿಟರಿನಲ್ಲಿ ಅದು 300 ಪಿಕ್ಸೆಲ್ ಸಾಗುತ್ತದೆ. 1152 ಪಿಕ್ಸೆಲ್ ಅಗಲದ ಕಿಟಕಿಯನ್ನು ದಾಟಲು ಸುಮಾರು 4 ಸೆಕೆಂಡು. ಇದೇ ಆಟವನ್ನು 144 ಫ್ರೇಮ್ ತೋರಿಸುವ ಗೆಳೆಯನ ಮಾನಿಟರಿನಲ್ಲಿ ತೆರೆಯಿರಿ: 1.6 ಸೆಕೆಂಡಿನಲ್ಲೇ ರೋಬಾಟ್ ಮಾಯ! ನಿಮಗೆ ಸುಲಭವಾಗಿದ್ದ ಆಟ ಅವನ ಕೈಗೆ ಸಿಗುವುದೇ ಇಲ್ಲ.

ಪರಿಹಾರ ‘ಡೆಲ್ಟಾ’. ಹಿಂದಿನ ಫ್ರೇಮ್‌ನಿಂದ ಈಗಿನದಕ್ಕೆ ಎಷ್ಟು ಸೆಕೆಂಡು ಕಳೆಯಿತೆಂಬುದನ್ನು ಎಂಜಿನ್ ಈ ಹೆಸರಿನಲ್ಲಿ ಪ್ರತಿ ಬಾರಿಯೂ ತಿಳಿಸುತ್ತದೆ. 5ರ ಬದಲು ‘300 ಗುಣಿಸು ಡೆಲ್ಟಾ’ ಎಂದು ಬರೆಯಿರಿ. ಫ್ರೇಮ್ ಹೆಚ್ಚಾದಂತೆ ಹೆಜ್ಜೆ ಚಿಕ್ಕದಾಗುತ್ತದೆ, ವೇಗ ಮಾತ್ರ ಎಲ್ಲೆಡೆ ಸೆಕೆಂಡಿಗೆ 300 ಪಿಕ್ಸೆಲ್. ಶಾಲೆಯಲ್ಲಿ ಕಲಿತ ‘ದೂರ = ವೇಗ × ಕಾಲ’ ಇಲ್ಲಿ ಕಣ್ಣೆದುರೇ ಓಡುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಇನ್ನು ನಮ್ಮ ಅಕ್ಷರಗಳ ವಿಷಯ. ಗೊಡೊ 3ರಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿಕೊಂಡು ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿತು. ಈಗ ‘ಗೆದ್ದಿರಿ’ ಎಂದು ಬರೆದರೆ ದಕಾರದ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ನೋಟೊ ಸಾನ್ಸ್ ಕನ್ನಡದಂತಹ ಉಚಿತ ಫಾಂಟನ್ನು ಪ್ರಾಜೆಕ್ಟಿನ ಒಳಗೇ ಇಟ್ಟು, ಅಕ್ಷರ ತೋರಿಸುವ ಲೇಬಲ್‌ಗೆ ಅದನ್ನೇ ನಿಗದಿಪಡಿಸಿ. ಆಗ ಗೆಳೆಯನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಗೆದ್ದ ಸುದ್ದಿ ಅವನಿಗೆ ಕನ್ನಡದಲ್ಲೇ ಕಾಣುತ್ತದೆ.