ಮರಿ ತರುವ ಮೊದಲು ಹಲ್ಲು ಎಣಿಸಿ

ನಮ್ಮ ಮನೆಗೆ ಬಂದ ಮೊದಲ ನಾಯಿಮರಿಗೆ ಹಿಂದಿನ ಹಲ್ಲುಗಳೇ ಪೂರ್ತಿ ಬಂದಿರಲಿಲ್ಲ. "ಎರಡು ತಿಂಗಳ ಮರಿ ಅದರಿ, ಲಗೂನೇ ಹೊಂದಿಕೋತದ" ಅಂತ ಮಾರಿದವರು ಹೇಳಿದ್ದರು. ನಂಬಿದೆವು. ಮರಿ ರಾತ್ರಿಯೆಲ್ಲ ಕುಂಯ್‌ಗುಟ್ಟಿತು. ಮರುದಿನ ಪಶುವೈದ್ಯರು ಬಾಯಿ ತೆರೆದು ನೋಡಿ, ಇದಕ್ಕೆ ಈಗಷ್ಟೇ ಒಂದು ತಿಂಗಳು ತುಂಬಿರಬೇಕು ಎಂದರು.

ನಾಯಿಮರಿಗೆ ಮೂರನೇ ವಾರದ ಹೊತ್ತಿಗೆ ಹಾಲುಹಲ್ಲು ಮೂಡತೊಡಗುತ್ತವೆ. ಎಂಟು ವಾರಕ್ಕೆ 28 ಹಲ್ಲೂ ಬಾಯಲ್ಲಿರಬೇಕು. ಇಷ್ಟು ಗೊತ್ತಿದ್ದರೆ ನಾವು ಆ ದಿನ ಬರಿಗೈಯಲ್ಲಿ ವಾಪಸ್ ಬರುತ್ತಿದ್ದೆವು.

ರಾಜ ಅಂತ ಹೆಸರಿಟ್ಟೆವು. ಅವನು ಬೆಳೆದ, ಅವನ ಭಯವೂ ಬೆಳೆಯಿತು. ಹಲಗಿ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದ. ಯಾರಾದರೂ ಕೊಡೆ ಬಿಚ್ಚಿದರೆ ಗುರ್ ಎನ್ನುತ್ತಿದ್ದ. ಆಟದಲ್ಲೂ ರಕ್ತ ಬರುವ ಹಾಗೆ ಕಚ್ಚುತ್ತಿದ್ದ. ತಳಿ ಸರಿಯಿಲ್ಲ ಅಂದರು ಕೆಲವರು. ಹೊಡೆದು ಕಲಿಸಿ ಅಂದರು ಇನ್ನು ಕೆಲವರು. ತಪ್ಪು ತಳಿಯದ್ದಲ್ಲ, ವಾರಗಳದ್ದು ಅನ್ನೋದು ನನಗೆ ತಡವಾಗಿ ಗೊತ್ತಾಯಿತು.

ಮೆಲ್ಲಗೆ ಕಚ್ಚುವುದನ್ನು ನಾಯಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿಯೂ ಗದರುತ್ತದೆ. ಹೀಗೆ ದಿನಕ್ಕೆ ಹತ್ತಾರು ಸಲ ಆಗಿ ಆಗಿ ದವಡೆಯ ಬಿಗಿ ಎಷ್ಟಿರಬೇಕು ಅನ್ನೋದು ಗೊತ್ತಾಗುತ್ತದೆ. ರಾಜನಿಗೆ ಆ ಪಾಠ ಅರ್ಧಕ್ಕೇ ನಿಂತಿತ್ತು.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಮರಿಗಳ ನಡವಳಿಕೆಯನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿಯದೇ ಒಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಎತ್ತರದ ಬೇಲಿ ಹಾಕಿದ ಹೊಲದಲ್ಲಿ ತಾಯಿ ಮತ್ತು ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ಕೆಲವು ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೇ ಒಂದು ವಾರ ಒಳಗೆ ತಂದು ಮನುಷ್ಯರ ಜೊತೆ ಇಟ್ಟರು. ಏಳನೇ ವಾರದ ಸುಮಾರಿಗೆ ಬಂದ ಮರಿಗಳು ಬೇಗ ಹೊಂದಿಕೊಂಡವು. 14 ವಾರದವರೆಗೂ ಮನುಷ್ಯರನ್ನು ಕಾಣದೇ ಇದ್ದ ಮರಿಗಳು ಕಾಡುಪ್ರಾಣಿಗಳಂತೆ ದೂರ ಓಡಿದವು. ಆಮೇಲೆ ಎಷ್ಟು ಮುದ್ದು ಮಾಡಿದರೂ ಪೂರ್ತಿ ಪಳಗಲಿಲ್ಲ.

ಅಂದರೆ ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಕಂಡದ್ದೆಲ್ಲ ಅದಕ್ಕೆ "ನಮ್ಮದು". ಆಮೇಲೆ ಕಂಡ ಹೊಸದರ ಮೇಲೆ ಮೊದಲು ಅನುಮಾನ. ಅದಕ್ಕೇ ಮರಿ ಕೊಳ್ಳುವಾಗ ನೀವು ಕೇಳಬೇಕಾದ್ದು ಬಣ್ಣ, ಕಿವಿ, ಸರ್ಟಿಫಿಕೇಟ್ ಬಗ್ಗೆ ಅಲ್ಲ. ಇದು ಇಷ್ಟು ದಿನ ಎಲ್ಲಿತ್ತು? ಇದರ ತಾಯಿ ಎಲ್ಲಿ? ತಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ತಾಯಿ ನಿಮ್ಮನ್ನು ಕಂಡು ಮೂಲೆ ಸೇರಿದರೆ ಮರಿಯೂ ಅದನ್ನೇ ಕಲಿತಿರುತ್ತದೆ. ಎಂಟು ವಾರ ತುಂಬದ ಮರಿ ಮಾರುವುದನ್ನು ಕೇಂದ್ರ ಸರ್ಕಾರದ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳು ತಡೆಯುತ್ತವೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಇಲ್ಲೊಂದು ಪೇಚು ಇದೆ. ಮರಿ ಲೋಕ ನೋಡಬೇಕಾದ ವಾರಗಳೂ ರೋಗ ತಗಲುವ ವಾರಗಳೂ ಒಂದೇ. ಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ವೈರಸ್ 1978ರಲ್ಲಿ ಪತ್ತೆಯಾಯಿತು, ನೋಡನೋಡುತ್ತ ಜಗತ್ತೆಲ್ಲ ಹರಡಿತು. ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆಯನ್ನು ಆರರಿಂದ ಎಂಟನೇ ವಾರದಲ್ಲಿ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರದ ತನಕ ಕೊಡುತ್ತಾರೆ. ಒಂದೇ ಸಲ ಯಾಕೆ ಸಾಲದು? ತಾಯಿಯಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೂ ಅದು ಲಸಿಕೆಗೇ ಅಡ್ಡ ಬರುತ್ತದೆ. ಅದು ಯಾವಾಗ ಕರಗುತ್ತದೆ ಅನ್ನೋದು ಮರಿಯಿಂದ ಮರಿಗೆ ಬೇರೆ. ರೇಬೀಸ್ ಲಸಿಕೆ ಮಾತ್ರ ಮೂರು ತಿಂಗಳಿಗೆ.

ಹಾಗಂತ 16 ವಾರ ಮನೆಯೊಳಗೇ ಕೂಡಿಹಾಕಿದರೆ ಬಾಗಿಲು ಮುಚ್ಚಿಹೋಗುತ್ತದೆ. ಎತ್ತಿಕೊಂಡು ಹೋಗಿ, ಕೆಳಗೆ ಬಿಡಬೇಡಿ ಅಷ್ಟೇ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಆಟೋ ಸದ್ದು ಕೇಳಲಿ. ಗಡ್ಡದವರು, ಬುರ್ಖಾ ಹಾಕಿದವರು, ರುಮಾಲು ಸುತ್ತಿದ ಅಜ್ಜಂದಿರು, ಸೈಕಲ್ ತುಳಿಯುವ ಹುಡುಗರು ಎಲ್ಲರನ್ನೂ ನೋಡಲಿ. ಶರಣಬಸವೇಶ್ವರರ ಜಾತ್ರೆಯ ಡೊಳ್ಳು ದೂರದಿಂದ ಕೇಳುವಾಗ ಬಾಯಿಗೆ ಒಂದು ಚೂರು ಬೇಯಿಸಿದ ಮೊಟ್ಟೆ ಇಡಿ. ಮರಿ ನಡುಗಿದರೆ ಇನ್ನೂ ದೂರ ಹೋಗಿ.

ನಮ್ಮ ಕಡೆ ತಳಿಗಿಂತ ಮೊದಲು ಬಿಸಿಲನ್ನು ಯೋಚಿಸಬೇಕು. ಕಲಬುರಗಿಯ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ನಾಯಿಯ ಮೈಬಿಸಿ ಸಹಜವಾಗಿಯೇ 38.3ರಿಂದ 39.2 ಡಿಗ್ರಿ. ಅದು ಬೆವರುವುದು ಪಾದದಲ್ಲಿ, ಅದೂ ಸ್ವಲ್ಪವೇ. ಮೈ ತಣ್ಣಗಾಗುವುದು ಮುಖ್ಯವಾಗಿ ತೇಕುವುದರಿಂದ: ನಾಲಿಗೆ, ಮೂಗಿನ ಒಳಗಿನ ತೇವ ಆರಿದಾಗ ಬಿಸಿ ಹೊರಗೆ ಹೋಗುತ್ತದೆ. ಪಗ್‌ನಂಥ ಚಪ್ಪಟೆ ಮುಖದ ನಾಯಿಗೆ ಆ ದಾರಿಯೇ ಇಕ್ಕಟ್ಟು. ಹಸ್ಕಿ ಮೈಮೇಲೆ ಹಿಮದ ನಾಡಿನ ಕಂಬಳಿ ಹೊದ್ದಿರುತ್ತದೆ. ಇವನ್ನು ಇಲ್ಲಿ ಸಾಕುವುದು ಆ ಪ್ರಾಣಿಗೆ ಕಷ್ಟ ಕೊಟ್ಟಂತೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಮ್ಮ ಮನೆಗಳ ಶಹಾಬಾದ್ ಫರ್ಸಿ, ಅಂದರೆ ನೆಲದ ಹಾಸುಗಲ್ಲು, ಕೋಣೆಯೊಳಗೆ ತಂಪು, ಅಂಗಳದಲ್ಲಿ ಕಾದ ಹಂಚು. ನಿಮ್ಮ ಅಂಗೈ ಹಿಂಭಾಗವನ್ನು ಐದು ಸೆಕೆಂಡ್ ಇಡಲು ಆಗದ ನೆಲದ ಮೇಲೆ ನಾಯಿಯನ್ನು ನಡೆಸಬೇಡಿ.

ಮುಧೋಳ ನಾಯಿ ಈ ಹವೆಗೆ ಹೊಂದುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲೇ ಮುಧೋಳದ ಹತ್ತಿರ ಆ ತಳಿಯ ಸಂಶೋಧನಾ ಕೇಂದ್ರ ಇದೆ. ಆದರೆ ಅದು ಓಡಲು ಹುಟ್ಟಿದ ಬೇಟೆನಾಯಿ. ಎರಡು ಕೋಣೆಯ ಮನೆಯಲ್ಲಿ ಸುಮ್ನೆ ಕೂಡು ಅಂದರೆ ಹೇಗೆ ಅಲ್ವಾ?

ಕಲಿಸುವ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ರಾಜ ಒಳಗೆ ಉಚ್ಚೆ ಹೊಯ್ದಿದ್ದರೆ ಸಂಜೆ ಬಂದು ಬೈಯುತ್ತಿದ್ದೆ. ಅವನು ಕಿವಿ ಮಡಚಿ, ಕಣ್ಣು ತಪ್ಪಿಸಿ ಕೂರುತ್ತಿದ್ದ. ತಪ್ಪು ಗೊತ್ತಾಗಿದೆ ಅಂದುಕೊಂಡಿದ್ದೆ. 2009ರಲ್ಲಿ ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆ ಮಾಡಿದ್ದರು. ತಪ್ಪು ಮಾಡದ ನಾಯಿಯನ್ನು ಬೈದರೂ ಅದೇ ಮುಖ! ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿಗೆ ಹೆದರಿಕೆ. ನಾಯಿ ಈ ಕ್ಷಣ ಮಾಡಿದ್ದಕ್ಕೂ ಈ ಕ್ಷಣ ಸಿಕ್ಕಿದ್ದಕ್ಕೂ ಗಂಟು ಹಾಕುತ್ತದೆ. ತಡವಾದರೆ ಗಂಟು ಬೇರೆ ಕಡೆ ಬೀಳುತ್ತದೆ. "ಅಪ್ಪ ಮನೆಗೆ ಬಂದರೆ ಭಯ" ಅನ್ನೋದನ್ನು ನಾನೇ ಕಲಿಸಿದ್ದೆ.

ಅದಕ್ಕೇ ಈಗ "ಶಾಬಾಸ್" ಅನ್ನೋ ಪದ ಇಟ್ಟುಕೊಂಡಿದ್ದೇವೆ. ಮೊದಲ ಎರಡು ದಿನ ಶಾಬಾಸ್ ಅಂದ ತಕ್ಷಣ ತಿನ್ನಲು ಒಂದು ಚೂರು. ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಗಳಿಗೆ ಊಟದ ಮುಂಚಿನ ಸದ್ದಿಗೇ ಜೊಲ್ಲು ಬರುತ್ತಿದ್ದ ಹಾಗೆ, ಆ ಪದವೇ ರುಚಿಯಾಗುತ್ತದೆ. ಆಮೇಲೆ ಕೂತ ಕ್ಷಣಕ್ಕೇ ಶಾಬಾಸ್, ಹಿಂದೆಯೇ ರೊಟ್ಟಿ ಚೂರು. ಮನೆಮಂದಿ ಎಲ್ಲರೂ ಒಂದೇ ಪದ ಬಳಸಬೇಕು. ನಮ್ಮಲ್ಲಿ ಅವ್ವ "ಕುಂದ್ರು" ಅನ್ನುತ್ತಿದ್ದರು, ಮಗ "ಸಿಟ್" ಅನ್ನುತ್ತಿದ್ದ. ಅವ್ವನ ಪದವೇ ಉಳಿಯಿತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಪಲ್ಯ ಸೋಕಿದ ರೊಟ್ಟಿ ಮಾತ್ರ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನಾಯಿಗೆ ನಾವು ಯಜಮಾನ ಅಂತ ಹೊಡೆದು ತೋರಿಸಬೇಕು ಅನ್ನೋ ಮಾತು ಬಂದದ್ದು, ಕೂಡಿಹಾಕಿದ ತೋಳಗಳ ಜಗಳ ನೋಡಿ. 1947ರಲ್ಲಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ರುಡಾಲ್ಫ್ ಶೆಂಕೆಲ್ ಅದನ್ನು ಬರೆದರು. ಕಾಡಿನ ತೋಳಗಳ ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಕುಟುಂಬ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದರು. ಹೊಡೆತಕ್ಕೆ ಆ ನೆಪವೂ ಉಳಿಯಲಿಲ್ಲ.

ಈಗಿರುವ ಚಿನ್ನಿ ನಮ್ಮ ಓಣಿಯ ನಾಯಿಯ ಮಗಳು. ಎಂಟು ವಾರ ತಾಯಿಯ ಹತ್ತಿರವೇ ಬಿಟ್ಟಿದ್ದೆವು. ಓಣಿಯ ಹುಡುಗರು ಮೂರನೇ ವಾರದಿಂದಲೇ ದಿನಾ ಎತ್ತಿ ಆಡಿಸುತ್ತಿದ್ದರು. ಹೋದ ವಾರ ಕಸ ಗುಡಿಸುವಾಗ ಫರ್ಸಿ ಮೇಲೆ ಅಕ್ಕಿ ಕಾಳಿನಂಥ ಹಲ್ಲು ಸಿಕ್ಕಿತು. ನಾಲ್ಕು ತಿಂಗಳು ತುಂಬಿದೆ, ಹಾಲುಹಲ್ಲು ಉದುರುತ್ತಿವೆ. ವಸಡು ಕೆರೆಯುವುದಕ್ಕೆ ಚಪ್ಪಲಿ ಹುಡುಕುತ್ತಾಳೆ. ಚಪ್ಪಲಿಗಳನ್ನು ಮೇಲಿಟ್ಟು, ಒದ್ದೆ ಬಟ್ಟೆಯನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕೊಡುತ್ತಿದ್ದೇವೆ. ಅದನ್ನು ಕಚ್ಚಿ ಹಿಡಿದ ಕೂಡಲೇ ಅವ್ವ ಶಾಬಾಸ್ ಅನ್ನುತ್ತಾರೆ.