ಕಾರು ತೊಳೆಯುವಾಗ ಗೀಚುವವರು ಯಾರು?

ಕಪ್ಪು ಕಾರು ಇಟ್ಟುಕೊಂಡವರಿಗೆಲ್ಲ ಈ ಸಂಕಟ ಗೊತ್ತು. ನೆರಳಲ್ಲಿ ಕನ್ನಡಿಯಂತಿದ್ದ ಬಾನೆಟ್ಟು ಬಿಸಿಲಿಗೆ ಬಂದ ಕೂಡಲೇ ಸೂರ್ಯನ ಪ್ರತಿಬಿಂಬದ ಸುತ್ತ ಸುರುಳಿ ಸುರುಳಿಯಾಗಿ ಸಾವಿರಾರು ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಬೈಸಿಕೊಳ್ಳುವವನು ಬೆಳಗ್ಗೆ ಬಕೆಟ್ ಹಿಡಿದು ಬರುವ ಹುಡುಗ. ‘ಗುಂಡಗೆ ಉಜ್ಜಬೇಡ ಅಂತ ಎಷ್ಟು ಸಲ ಹೇಳೋದು?’

ಪಾಪ, ಅವನು ಗುಂಡಗೆ ಉಜ್ಜದೆ ದಿನಕ್ಕೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿ ಒರೆಸಿದ್ದರೂ ಕಾಣುತ್ತಿದ್ದದ್ದು ವೃತ್ತಗಳೇ. ನಂಬಿಕೆ ಬಾರದಿದ್ದರೆ ರಾತ್ರಿ ಮೊಬೈಲ್ ಟಾರ್ಚನ್ನು ಬಾನೆಟ್ ಮೇಲೆ ಹಿಡಿದು ಆಚೀಚೆ ಸರಿಸಿ ನೋಡಿ. ವೃತ್ತಗಳ ಕೇಂದ್ರವೂ ಬೆಳಕಿನ ಜೊತೆಗೇ ಸರಿಯುತ್ತದೆ. ಬಣ್ಣದ ಮೇಲೆ ನಿಜಕ್ಕೂ ವೃತ್ತ ಕೊರೆದಿದ್ದರೆ ಅದು ಹೀಗೆ ಟಾರ್ಚಿನ ಹಿಂದೆ ಓಡುತ್ತಿರಲಿಲ್ಲ.

ಗೀರು ಎಂದರೆ ಅತಿ ಸಣ್ಣದೊಂದು ಕಾಲುವೆ. ಅದರ ಇಳಿಜಾರು ದಡಗಳು ಬೆಳಕನ್ನು ಕಾಲುವೆಯ ಉದ್ದಕ್ಕಲ್ಲ, ಅಡ್ಡಕ್ಕೆ ಚದುರಿಸುತ್ತವೆ. ಹಾಗಾಗಿ ಬೆಳಕಿನ ಪ್ರತಿಬಿಂಬವನ್ನು ಸುತ್ತಿಕೊಂಡು ಹೋಗುವ ದಿಕ್ಕಿನಲ್ಲಿರುವ ಗೀರು ಮಾತ್ರ ನಮ್ಮ ಕಣ್ಣಿಗೆ ಹೊಳಪು ಕಳಿಸುತ್ತದೆ. ಪ್ರತಿಬಿಂಬದ ಕಡೆಗೇ ಮುಖಮಾಡಿದ ಗೀರು ಅಲ್ಲೇ ಇದ್ದರೂ ಕಾಣುವುದಿಲ್ಲ. ಎಲ್ಲ ದಿಕ್ಕಿನ ಗೀರುಗಳೂ ಬೆರೆತಿರುವ ಕಡೆ ಬೆಳಕು ತನಗೆ ಬೇಕಾದವನ್ನಷ್ಟೇ ಆರಿಸಿ ಹೊಳೆಸುತ್ತದೆ, ಅವೆಲ್ಲ ಸೇರಿ ವೃತ್ತವಾಗುತ್ತವೆ. ವರ್ಷಗಟ್ಟಲೆ ನಾರು ಹಾಕಿ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಚಿತ್ರ. ನೇರ ಗೆರೆಯಲ್ಲೇ ಒರೆಸಿ ಎಂದು ಬಲ್ಲವರು ಹೇಳುವುದು ಇದಕ್ಕೇ: ಅದರಿಂದ ಗೀರು ಬೀಳುವುದು ನಿಲ್ಲುವುದಿಲ್ಲ, ಎಲ್ಲವೂ ಒಂದೇ ದಿಕ್ಕಿಗೆ ಇರುವುದರಿಂದ ಕೆಲವು ಕೋನಗಳಲ್ಲಷ್ಟೇ ಕಾಣುತ್ತವೆ.

ಹಾಗಾದರೆ ಗೀಚಿದ್ದು ಯಾವುದು? ಬಟ್ಟೆಗಿಂತ ಹೆಚ್ಚಾಗಿ, ಬಟ್ಟೆಗೆ ಸಿಕ್ಕಿಕೊಂಡ ಮರಳು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಇಂಥ ಪದರಗಳ ಗಡಸುತನ ಅಳೆಯುವ ಒಂದು ವಿಧಾನ ಕೇಳಿದರೆ ನಗು ಬರುತ್ತದೆ: ಎಚ್, ಟೂ ಎಚ್ ಎಂದು ಬೇರೆ ಬೇರೆ ದರ್ಜೆಯ ಪೆನ್ಸಿಲ್‌ಗಳಿಂದ ಗೀಚಿ ನೋಡುತ್ತಾರೆ! ಇತ್ತ ನಮ್ಮ ಹಳೇ ಮೈಸೂರು ಸೀಮೆಯ ಮರಳು ಗ್ರಾನೈಟ್, ನೈಸ್ ಶಿಲೆಗಳು ಸವೆದು ಆದದ್ದು, ಅದರ ತುಂಬ ಬೆಣಚುಕಲ್ಲಿನ ಚೂರುಗಳು. ಖನಿಜತಜ್ಞ ಫ್ರೀಡ್ರಿಕ್ ಮೋಹ್ಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ಕಿಟಕಿ ಗಾಜಿಗೆ ಸುಮಾರು 5.5, ಬೆಣಚುಕಲ್ಲಿಗೆ 7. ಗಾಜನ್ನೇ ಗೀಚಬಲ್ಲ ಕಣದ ಮುಂದೆ ಪ್ಲಾಸ್ಟಿಕ್ಕಿನಂಥ ಪದರದ ಪಾಡೇನು?

ಹಳೆಯ ಕಾರುಗಳ ಕಥೆ ಬೇರೆ. ಆರಂಭದ ದಿನಗಳಲ್ಲಿ ವಾರ್ನಿಷ್ ಒಣಗಲು ವಾರಗಳೇ ಬೇಕಿದ್ದವು. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಲ್ಯಾಕರ್ ಬಂದು ಆ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಕ್ಲಿಯರ್ ಕೋಟ್ ವ್ಯಾಪಕವಾದದ್ದು 80ರ ದಶಕದಿಂದೀಚೆಗೆ. ಅದಿಲ್ಲದ ಹಳೆಯ ಅಂಬಾಸಿಡರನ್ನು ಪಾಲಿಷ್ ಮಾಡಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು. ಈಗ ಹತ್ತುವುದಿಲ್ಲ, ಹಾಗಾಗಿ ಏನೂ ಸವೆಯಲಿಲ್ಲ ಎಂದುಕೊಳ್ಳುತ್ತೇವೆ. ಸವೆಯುವುದು ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವ ಪದರವೇ.

ಆದ್ದರಿಂದ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ದಿನಾ ಬೆಳಗ್ಗೆ ಒಣಬಟ್ಟೆಯಿಂದ ಧೂಳು ಹೊಡೆಯುವುದು. ಅದರ ತಮ್ಮ, ಒಂದೇ ಬಕೆಟ್ ನೀರಲ್ಲಿ ಅಪಾರ್ಟ್‌ಮೆಂಟಿನ ಸಾಲು ಕಾರುಗಳನ್ನೆಲ್ಲ ಒರೆಸುವುದು. ಆಯುಧಪೂಜೆಯ ಮರುದಿನ ಕಾರಿನ ಮೇಲೆ ಒಣಗಿದ ವಿಭೂತಿ, ಕುಂಕುಮವನ್ನು ಹಾಗೇ ಕೆರೆದು ಒರೆಸುವವರಿಗೂ ಇದೇ ಮಾತು, ಮೊದಲು ನೆನೆಸಿ. (ಅರಿಶಿನದ ಕಲೆಗೆ ತಲೆ ಕೆಡಿಸಿಕೊಳ್ಳಬೇಡಿ, ಬಿಸಿಲಿಗೆ ಅದು ಮಾಸುತ್ತದೆ.)

ಕೈ ಹಚ್ಚುವ ಮೊದಲು ಬರೀ ನೀರಿನಿಂದಲೇ ಎಷ್ಟು ಸಾಧ್ಯವೋ ಅಷ್ಟು ಮರಳು ಇಳಿಸಬೇಕು. ಪೈಪ್ ಬೇಕೆಂದಿಲ್ಲ, ಗಿಡಕ್ಕೆ ಹೊಡೆಯುವ ಕೈಪಂಪಿನ ಸ್ಪ್ರೇಯರ್ ಸಾಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದದ್ದು ನೆನಪಿರಲಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶ್ಯಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಲ್ಲಿ ಅಲುಬಿ, ಮರಳು ತಳಕ್ಕೆ ಬಿಟ್ಟು, ನಂತರವೇ ಶ್ಯಾಂಪೂವಿಗೆ ಅದ್ದಬೇಕು. ಶ್ಯಾಂಪೂವಿನ ಅರ್ಧ ಕೆಲಸ ಕೊಳೆ ಬಿಡಿಸುವುದು, ಉಳಿದರ್ಧ ಜಾರಿಸುವುದು. ಉಳಿದ ಕಣಗಳು ಕೊರೆಯದೆ ಜಾರಿ ಹೋಗಬೇಕು. ಬಟ್ಟೆ ಸೋಪು ಬೋರ್‌ವೆಲ್‌ನ ಗಡಸು ನೀರಿನಲ್ಲಿ ಜಿಗುಟು ಗಸಿಯಾಗುತ್ತದೆ, ಪಾತ್ರೆ ತೊಳೆಯುವ ಲಿಕ್ವಿಡ್ ಕಾರಿಗೆ ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡಬಹುದು. ಎರಡೂ ಬೇಡ. ಮೇಲಿಂದ ಕೆಳಗೆ ಬನ್ನಿ. ಚಕ್ರಗಳಿಗೆ ಬೇರೆಯದೇ ಬಟ್ಟೆ, ಅಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಇರುತ್ತದೆ.

ಬಿಸಿಲಲ್ಲಿ ತೊಳೆಯಬೇಡಿ ಎನ್ನುವುದು ಸರಿ, ಆದರೆ ಅದಕ್ಕೆ ಕೊಡುವ ಕಾರಣ ಬಹುಪಾಲು ತಪ್ಪು. ನೀರಹನಿ ಭೂತಗನ್ನಡಿಯಾಗಿ ಬಣ್ಣ ಸುಡುತ್ತದಂತೆ! ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆ, 1.33. ಅಂಥ ಹನಿಯ ನಾಭಿ, ಅಂದರೆ ಬೆಳಕು ಚುಕ್ಕೆಯಾಗಿ ಸೇರುವ ಜಾಗ, ಅದರ ಉಬ್ಬಿದ ಮೇಲ್ಮೈಯ ತ್ರಿಜ್ಯದ ಕನಿಷ್ಠ ಮೂರು ಪಟ್ಟು ಆಳದಲ್ಲಿ ಬೀಳುತ್ತದೆ, ಹನಿಯೋ ಅದಕ್ಕಿಂತ ಎಷ್ಟೋ ಗಿಡ್ಡ. ಬೆಳಕು ಒಂದೆಡೆ ಸೇರುವ ಮೊದಲೇ ಬಾನೆಟ್ ಅಡ್ಡ ಬಂದಿರುತ್ತದೆ. ನಿಜವಾದ ತೊಂದರೆ ಹನಿ ಆರಿದ ಮೇಲಿನದು. ನೀರು ಆವಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಉಂಗುರವಾಗಿ ಕೂರುತ್ತದೆ, ಕಾದ ಲೋಹದ ಮೇಲೆ ಬೇಗನೇ.

ಆದ್ದರಿಂದ ತೊಳೆದ ಕೂಡಲೇ ದಪ್ಪನೆಯ ಮೈಕ್ರೋಫೈಬರ್ ಬಟ್ಟೆ ಹಾಸಿ, ಉಜ್ಜದೆ, ಒತ್ತಿ ನೀರು ಹೀರಿಸಿ. ಉಂಗುರ ಆಗಲೇ ಕೂತಿದ್ದರೆ ನೀರು ಬೆರೆಸಿದ ವಿನೆಗರನ್ನು ನೆರಳಲ್ಲಿ ಒಂದು ನಿಮಿಷ ತಾಗಿಸಿ ತೊಳೆದರೆ ಕರಗುತ್ತದೆ. ಹಬ್ಬದ ದಿನ ಚಕ್ರದಡಿ ಜಜ್ಜುವ ನಿಂಬೆಹಣ್ಣಿನಲ್ಲೂ ಅದೇ ಗುಣದ ಆಮ್ಲ ಇದೆ, ಹಾಗಂತ ರಸವನ್ನು ನೇರವಾಗಿ ಹಿಂಡಿ ಬಿಸಿಲಲ್ಲಿ ಬಿಡಬೇಡಿ. ತಿಂಗಳುಗಟ್ಟಲೆ ಕೂತು ಪದರವನ್ನೇ ಕೊರೆದ ಕಲೆಗೆ ಆಮ್ಲದಿಂದ ಉಪಯೋಗವಿಲ್ಲ, ಅದಕ್ಕೆ ಪಾಲಿಷ್ ಬೇಕು. ಪಾಲಿಷ್ ಮಾಡಿದಷ್ಟೂ ಆ 40 ಮೈಕ್ರಾನಿನಲ್ಲೇ ಖರ್ಚು ಬೀಳುತ್ತದೆ.