ಜಾಮೀನು ಸಿಕ್ಕಿತು, ಮಾತ್ರೆ ಒಳಗೇ ಉಳಿಯಿತು

ಮಾನಸಿಕ ಕಾಯಿಲೆಯಿದ್ದು ಜೈಲಿಂದ ಬಿಡುಗಡೆಯಾದವನ ಮನೆಯವರು ನನ್ನೆದುರು ಕೂತು ಕೇಳುವುದು ಯಾವಾಗಲೂ ಒಂದೇ: "ಡಾಕ್ಟ್ರೇ, ಒಳಗಿದ್ದಾಗಲೇ ಪೂರ್ತಿ ಹುಷಾರಾಗಿದ್ದ. ಇನ್ಯಾಕೆ ಮಾತ್ರೆ?" ಹುಷಾರಾಗಿದ್ದೇ ಮಾತ್ರೆಯಿಂದ ಮಾರಾಯ್ರೇ!

ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮಾತ್ರೆ ಬಿಟ್ಟ ಮರುದಿನವೇ ಏನೂ ಆಗದಿರಬಹುದು. ಒಂದು ವಾರ ಕಳೆದರೂ ಅಷ್ಟೇ. ತೂಕಡಿಕೆ ಹೋಗಿ ಆಸಾಮಿ ಲವಲವಿಕೆಯಿಂದ ಓಡಾಡುತ್ತಾನೆ, ಮನೆಯವರಿಗೆ ಖುಷಿ. ಕಾಯಿಲೆ ಮರಳುವುದು ಎಷ್ಟೋ ಸಲ ವಾರಗಳಾದ ಮೇಲೆ, ತಿಂಗಳುಗಳಾದ ಮೇಲೆ. ಮಾತ್ರೆ ಬಿಟ್ಟಿದ್ದು ಅಷ್ಟೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಮೊದಲು ನಿದ್ದೆ ಕೆಡುತ್ತದೆ. ಆಮೇಲೆ ಅನುಮಾನ ಶುರು.

ತೀರ್ಥಹಳ್ಳಿ ಕಡೆಯ ಒಬ್ಬ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ), ಪಕ್ಕದವರು ಬಾವಿಗೆ ವಿಷ ಹಾಕ್ತಾರೆ ಅಂತ ಅವರ ಪಂಪ್‌ಸೆಟ್ ಒಡೆದು, ತಡೆಯಲು ಬಂದವನಿಗೂ ಹೊಡೆದು ಒಳಗೆ ಹೋದ. ಅಲ್ಲಿ ದಿನಾ ರಾತ್ರಿ ಸಿಬ್ಬಂದಿ ಎದುರೇ ಮಾತ್ರೆ ನುಂಗುತ್ತಿದ್ದ. ಜಾಮೀನಿನ ಆದೇಶ ಮುಟ್ಟಿದ್ದು ಸಂಜೆ. ಬಟ್ಟೆಯ ಚೀಲ, ಮೊಬೈಲು ಕೈಗೆ ಬಂತು. ಕೊನೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮಾತ್ರೆಯನ್ನು ಯಾರೂ ಕೇಳಲಿಲ್ಲ. ಮಳೆ ಮುಗಿದು ಕೊನೆ ಕೊಯ್ಲು ಶುರುವಾಗುವಾಗ ಮತ್ತೆ ಅದೇ ಬಾವಿ, ಹೊಸ ಕೇಸು.

ಮಾತ್ರೆ ತಗೊಂಡರೆ ಮರ ಹತ್ತಕ್ಕಾಗಲ್ಲ ಅನ್ನುತ್ತಿದ್ದ. ಅದು ನೆಪ ಅಲ್ಲ. ಅಡಿಕೆ ಮರದ ತುದಿಯಲ್ಲಿ ತೂಕಡಿಸಿದರೆ ಗತಿ ಏನು? ಅದನ್ನು ನಮಗೆ ಹೇಳಬೇಕು. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಕೆಲವರಿಗೆ 2ರಿಂದ 4 ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಹೊಂದುತ್ತದೆ. ನೀವಾಗಿಯೇ ಸುಮ್ನೆ ನಿಲ್ಲಿಸಬೇಡಿ.

ಮಾನಸಿಕ ಕಾಯಿಲೆ ಇದ್ದವರಲ್ಲಿ ಹೆಚ್ಚಿನವರು ಯಾರ ತಂಟೆಗೂ ಹೋಗುವುದಿಲ್ಲ. ಮತ್ತೆ ಜೈಲು ಸೇರುವವರಿಗೂ ಕಾಯಿಲೆಯೊಂದೇ ಕಾರಣ ಅಂತ ನಾನು ಹೇಳಲಾರೆ. ಕುಡಿತ, ಗಾಂಜಾ, ಕೂಲಿಗೂ ಕರೆಯದ ಊರು, ಎಲ್ಲವೂ ಸೇರಿರುತ್ತವೆ. ಮಾತ್ರೆ ಅವನ್ನೆಲ್ಲ ಸರಿಮಾಡುವುದಿಲ್ಲ.

ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಒಳ್ಳೆಯದೇ. ನನ್ನ ತಲೆನೋವು ಗೇಟು ದಾಟಿದ ಮೇಲಿನದು. ವಕೀಲರು ಇಲ್ಲಿ ಜಾಸ್ತಿ ಸಹಾಯ ಮಾಡಬಹುದು. ಜಾಮೀನು ಅರ್ಜಿ ಹಾಕುವಾಗಲೇ ಮನೆಯವರಿಗೆ ಹೇಳಿಬಿಡಿ: ಜೈಲಿನ ಡಾಕ್ಟರ ಚೀಟಿಯ ನಕಲು, ಕೆಲವು ದಿನದ ಮಾತ್ರೆ ಕೇಳಿ ಪಡೆಯಿರಿ. ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬಹುದು, ಇಲ್ಲವೇ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ. ಮಳೆಗೆ ಬಸ್ಸೇ ಇಲ್ಲವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.